ಸ್ವಂತದವರಿಗಾದರೆ ಓಟ, ಅಪರಿಚಿತರಿಗೆ ಫಾರ್ವರ್ಡ್: ರಕ್ತ ಕೊಡುವ ಮನಸ್ಸು ಹುಟ್ಟುವುದು ಹೇಗೆ?

"ತುರ್ತು: ಬಿ ನೆಗೆಟಿವ್ ರಕ್ತ ಬೇಕಾಗಿದೆ. ದಯವಿಟ್ಟು ಎಲ್ಲ ಗ್ರೂಪ್‌ಗಳಿಗೂ ಕಳಿಸಿ." ಇಂಥದ್ದೊಂದು ವಾಟ್ಸಾಪ್ ಸಂದೇಶ ನೋಡದವರು ಈಗ ಸಿಗುವುದು ಕಷ್ಟ. ಓದಿದವರು ಅಯ್ಯೋ ಪಾಪ ಎನ್ನುತ್ತಾರೆ, ಇನ್ನೆರಡು ಗ್ರೂಪ್‌ಗೆ ಕಳಿಸುತ್ತಾರೆ, ಫೋನ್ ಪಕ್ಕಕ್ಕಿಟ್ಟು ಊಟಕ್ಕೆ ಏಳುತ್ತಾರೆ. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಆ ಸಂದೇಶ ವಾರಗಟ್ಟಲೆ ಊರು ಸುತ್ತುತ್ತಿರುತ್ತದೆ.

ಅದೇ ವ್ಯಕ್ತಿಯ ಅಪ್ಪನಿಗೆ ಆಪರೇಷನ್ ಇದ್ದರೆ? ನಡುರಾತ್ರಿ ಮೂರು ಗಂಟೆಗಾದರೂ ಎದ್ದು ಹೋಗುತ್ತಾರೆ. ತಮ್ಮನನ್ನು ಎಬ್ಬಿಸುತ್ತಾರೆ, ಭಾವಮೈದುನನಿಗೆ ಫೋನ್ ಮಾಡುತ್ತಾರೆ, ಆಫೀಸಿಗೆ ರಜೆ ಹಾಕುತ್ತಾರೆ. ಸೂಜಿಯ ಭಯ, ತಲೆಸುತ್ತಿನ ಭಯ ಯಾವುದೂ ಅಡ್ಡ ಬರುವುದಿಲ್ಲ.

ಹಾಗೆಂದು ಫಾರ್ವರ್ಡ್ ಮಾಡಿ ಸುಮ್ಮನಾದವರನ್ನು ಕಲ್ಲುಹೃದಯದವರು ಎನ್ನಲಾಗದು. ಮನೆಯವರ ಮುಖ ಕಣ್ಣೆದುರಿಗೆ ಇರುತ್ತದೆ, ಅಪರಿಚಿತರ ಮುಖ ಇರುವುದಿಲ್ಲ. ಮನೆ, ಮಕ್ಕಳು, ಭಾನುವಾರದ ನಿದ್ದೆ ಇವುಗಳ ಆಚೆಗೆ ಸಮಾಜಕ್ಕೂ ಏನಾದರೂ ಮಾಡಬೇಕು ಎಂಬ ಆಸೆ ಬಹಳ ಜನರಲ್ಲಿದೆ. ಆಸೆ ಕೆಲಸವಾಗುವ ಮುನ್ನ ಎಲ್ಲಿ ನಿಂತುಹೋಗುತ್ತದೆ ಎನ್ನುವುದು ರಕ್ತದಾನದ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಎರಡು ಬಾಟಲಿ ತಂದುಕೊಡಿ

ಆಸ್ಪತ್ರೆಗಳಿಗೆ ರಕ್ತ ಮುಖ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಯಾರಿಗೆಂದು ಗೊತ್ತಿಲ್ಲದೆ ಕೊಡುವ ಸ್ವಯಂಪ್ರೇರಿತ ದಾನ. ಇನ್ನೊಂದು ಬದಲಿ ರಕ್ತ. ಅಂದರೆ, ನಿಮ್ಮ ರೋಗಿಗೆ ಬ್ಲಡ್ ಬ್ಯಾಂಕ್‌ನಿಂದ ಎರಡು ಯೂನಿಟ್ ಕೊಟ್ಟರೆ, ಅದರ ಬದಲಿಗೆ ನಿಮ್ಮ ಕಡೆಯವರು ಎರಡು ಯೂನಿಟ್ ಕೊಡಬೇಕು ಎನ್ನುವ ಪದ್ಧತಿ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಲೆಕ್ಕ ನಿಂತಿರುವುದು ಬಂಧುಬಳಗದ ಮೇಲೆ. ಕಲಬುರಗಿಯಿಂದ ಪುಣೆಗೆ ಕೆಲಸಕ್ಕೆ ಬಂದ ದಂಪತಿಯನ್ನು ಊಹಿಸಿಕೊಳ್ಳಿ. ಅಣ್ಣತಮ್ಮಂದಿರು ಊರಲ್ಲಿ, ಪಕ್ಕದ ಫ್ಲ್ಯಾಟಿನವರ ಹೆಸರೂ ಸರಿಯಾಗಿ ಗೊತ್ತಿಲ್ಲ. ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾಯಿತು ಎಂದರೆ ಆ ಗಂಡ ಯಾರನ್ನು ಕರೆತರಬೇಕು? ಊರಲ್ಲಾಗಿದ್ದರೆ ಓಣಿಯವರೆಲ್ಲ ಬರುತ್ತಿದ್ದರು. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪರಿಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ.

ಬದಲಿ ರಕ್ತದ ಒತ್ತಡಕ್ಕೆ ಇನ್ನೊಂದು ಕರಾಳ ಮುಖವೂ ಇದೆ. ದೇಶದಲ್ಲಿ ಒಂದು ಕಾಲಕ್ಕೆ ಹಣಕ್ಕೆ ರಕ್ತ ಮಾರುವವರು ದೊಡ್ಡ ಸಂಖ್ಯೆಯಲ್ಲಿದ್ದರು. ಕಾಮನ್ ಕಾಸ್ ಸಂಸ್ಥೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ತೀರ್ಪು ನೀಡಿ, ಎರಡು ವರ್ಷದೊಳಗೆ ಇದನ್ನು ನಿಲ್ಲಿಸಬೇಕೆಂದು ಆದೇಶಿಸಿತು. 1998ರ ಜನವರಿ 1ರಿಂದ ರಕ್ತ ಮಾರಾಟಕ್ಕೆ ನಿಷೇಧ ಜಾರಿಯಾಯಿತು. 2002ರ ರಾಷ್ಟ್ರೀಯ ರಕ್ತ ನೀತಿ ಬದಲಿ ದಾನವನ್ನೂ ಹಂತಹಂತವಾಗಿ ಕೈಬಿಡಬೇಕು ಎಂದಿತು. ಆದರೆ ಬಂಧುಗಳಿಲ್ಲದವರನ್ನು "ಯಾರನ್ನಾದರೂ ಕರೆತನ್ನಿ" ಎಂದು ಕಳಿಸಿದರೆ ಆಗುವುದೇನು? ಆಸ್ಪತ್ರೆಯ ಗೇಟಿನಾಚೆ ನಿಂತ ದಲ್ಲಾಳಿ ಒಬ್ಬ "ಸೋದರಸಂಬಂಧಿ"ಯನ್ನು ಒದಗಿಸುತ್ತಾನೆ. ನಿಷೇಧವಾದ ವ್ಯಾಪಾರ ನೆಂಟಸ್ತಿಕೆಯ ಅಂಗಿ ತೊಟ್ಟು ಒಳಬರುವುದು ಹೀಗೆ.

ಸ್ವಯಂಪ್ರೇರಿತರ ರಕ್ತವೇ ಹೆಚ್ಚು ಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಕಾರಣವೂ ಇದೇ. ಪ್ರತಿ ಯೂನಿಟ್ ಅನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕಾಗಿ ಪರೀಕ್ಷಿಸಲಾಗುತ್ತದೆ ನಿಜ. ಆದರೆ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೆ ಅದು ಸಿಗದೇ ಇರಬಹುದು. ಆಗ ಕಾಪಾಡುವುದು ದಾನಿಯ ಪ್ರಾಮಾಣಿಕ ಉತ್ತರ ಮಾತ್ರ. ಹೊರಗೆ ಅಣ್ಣನ ಆಪರೇಷನ್ ಕಾಯುತ್ತಿರುವಾಗ ಫಾರಂನ ಪ್ರಶ್ನೆಗಳಿಗೆ ನಿಜ ಹೇಳುವುದು ಕಷ್ಟ. ಯಾವ ಒತ್ತಡವೂ ಇಲ್ಲದೆ ಬಂದವರು "ಇವತ್ತು ಬೇಡ" ಎಂದು ಎದ್ದು ಹೋಗಬಲ್ಲರು.

ಒಂದು ಮಗುವಿಗೆ ಎಷ್ಟು ಜನ ಬೇಕು?

ಕುಟುಂಬದ ಶಕ್ತಿ ಎಲ್ಲಿ ಮುಗಿಯುತ್ತದೆ ಎನ್ನುವುದಕ್ಕೆ ಥಲಸೇಮಿಯಾ ಕಾಯಿಲೆಯ ಉದಾಹರಣೆ ಸಾಕು. ತೀವ್ರ ಸ್ವರೂಪದ ಥಲಸೇಮಿಯಾ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಮೂರು ವಾರಕ್ಕೊಮ್ಮೆ ಎಂದಿಟ್ಟುಕೊಂಡರೂ ವರ್ಷಕ್ಕೆ 17 ಸಲ. ಮಗು ಬೆಳೆದಂತೆ ಪ್ರತಿ ಸಲ 2 ಯೂನಿಟ್ ಬೇಕಾದರೆ ವರ್ಷಕ್ಕೆ 34 ಯೂನಿಟ್. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಮಾತ್ರ ರಕ್ತ ಕೊಡಬಹುದು. ಅಂದರೆ ಒಂದೇ ಒಂದು ಮಗುವಿಗಾಗಿ ಹೊಂದುವ ಗುಂಪಿನ ಎಂಟೊಂಬತ್ತು ಗಂಡಸರು ವರ್ಷವಿಡೀ ಒಂದು ಸಲವೂ ತಪ್ಪಿಸದೆ ಬರಬೇಕು. ಅದೂ ವರ್ಷ ವರ್ಷ, ಜೀವನಪೂರ್ತಿ. ಯಾವ ಕೂಡುಕುಟುಂಬಕ್ಕೂ ಇದು ಸಾಧ್ಯವಿಲ್ಲದ ಮಾತು.

ರಕ್ತವನ್ನು ಕೂಡಿಟ್ಟುಕೊಳ್ಳಲೂ ಆಗದು. ಕೆಂಪು ರಕ್ತಕಣಗಳ ಬಾಳಿಕೆ, ಬಳಸುವ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ. ಡೆಂಗಿ, ಕ್ಯಾನ್ಸರ್ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್‌ಗಳದ್ದು ಬರೀ 5 ದಿನ. ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ಸಾವಿರ ಬಾಟಲಿ ಸಂಗ್ರಹಿಸಿ ಫೋಟೊ ತೆಗೆಸಿಕೊಳ್ಳುವ ಶಿಬಿರಗಳಿಂದ ಪ್ರಯೋಜನವಿಲ್ಲವೆಂದಲ್ಲ, ಆದರೆ ಎರಡು ತಿಂಗಳ ನಂತರದ ರೋಗಿಗೆ ಅದರಿಂದ ಏನೂ ಸಿಗುವುದಿಲ್ಲ. ಬೇಕಿರುವುದು ತಿಂಗಳು ತಿಂಗಳೂ ತುಸು ತುಸು ಬರುವ ರಕ್ತ.

ಅಪರೂಪದ ಗುಂಪುಗಳವರ ಪಾಡು ಇನ್ನೂ ಬಿಗಿ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ 'ಬಾಂಬೆ' ಗುಂಪಿನವರಿಗೆ ಓ ಗುಂಪಿನ ರಕ್ತವೂ ಆಗುವುದಿಲ್ಲ. ತಮ್ಮದೇ ಗುಂಪಿನವರ ರಕ್ತ ಮಾತ್ರ. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಈ ಗುಂಪು ಇರುತ್ತದೆ ಎಂಬ ಅಂದಾಜಿದೆ. ಒಡಹುಟ್ಟಿದವರಲ್ಲಿ ಯಾರಿಗಾದರೂ ಅದೇ ಗುಂಪಿದ್ದರೆ ಅದೃಷ್ಟ. ಇಲ್ಲವಾದರೆ ಎಲ್ಲೋ ಬೇರೆ ಊರಿನ, ಬೇರೆ ಭಾಷೆಯ ಅಪರಿಚಿತರೇ ಗತಿ.

ಬೇರೆ ಯಾರಾದರೂ ಹೋಗುತ್ತಾರೆ ಬಿಡು

ಅಷ್ಟೊಂದು ಅಗತ್ಯವಿದ್ದರೂ ಜನ ಏಕೆ ಏಳುವುದಿಲ್ಲ? 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು ನ್ಯೂಯಾರ್ಕ್‌ನಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನಲ್ಲಿ ಮಾತಾಡಿಸಲಾಯಿತು. ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸುತ್ತದೆ. ಇದನ್ನು ಕೇಳಿಸಿಕೊಂಡಿದ್ದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ 85ರಷ್ಟು ಜನ ಆ ಧ್ವನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಂಡಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ 31 ಮಾತ್ರ.

250 ಜನರ ವಾಟ್ಸಾಪ್ ಗ್ರೂಪಿಗೆ ಬಂದ ಮನವಿಗೂ ಇದೇ ಗತಿ. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದಂತಾಗುವುದಿಲ್ಲ. ರಕ್ತದಾನದ ಕೆಲಸದಲ್ಲಿ ಪಳಗಿದವರು ಗ್ರೂಪಿಗೆ ಸಂದೇಶ ಹಾಕುವ ಬದಲು ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡುವುದು ಇದಕ್ಕೇ. "ರಮೇಶಣ್ಣ, ಶನಿವಾರ ಹತ್ತು ಗಂಟೆಗೆ ಬರ್ತೀರಾ?" ಎಂದು ಹೆಸರು ಹಿಡಿದು ಕೇಳಿದರೆ ಬರುತ್ತೇನೆ ಅನ್ನಬೇಕು, ಇಲ್ಲವೇ ಆಗುವುದಿಲ್ಲ ಅನ್ನಬೇಕು. ಕೇಳಿಸಲಿಲ್ಲ ಎನ್ನುವಂತಿಲ್ಲ.

ಹಾಗಾದರೆ ದುಡ್ಡು, ಉಡುಗೊರೆ ಕೊಟ್ಟರೆ ಜನ ಬಂದಾರೆಯೇ? ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲಿ ಬರೆದ ಪುಸ್ತಕದಲ್ಲಿ, ರಕ್ತಕ್ಕೆ ಬೆಲೆ ಕಟ್ಟಿದರೆ ಕೊಡುವ ಮನಸ್ಸೇ ಕುಗ್ಗುತ್ತದೆ ಎಂದು ವಾದಿಸಿದ್ದರು. ಬಹಳ ಅರ್ಥಶಾಸ್ತ್ರಜ್ಞರು ಒಪ್ಪಲಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಪರೀಕ್ಷೆಗೆ ಒಡ್ಡಿತು. ಏನೂ ಕೊಡದೆ ಕೇಳಿದಾಗ ಮಹಿಳೆಯರಲ್ಲಿ ಶೇ 52ರಷ್ಟು ಮಂದಿ ದಾನಿಯಾಗಲು ಒಪ್ಪಿದ್ದರು. 50 ಕ್ರೋನಾ ಕೊಡುತ್ತೇವೆ ಎಂದಾಗ ಅದು ಶೇ 30ಕ್ಕೆ ಇಳಿಯಿತು. ಆ ಹಣವನ್ನು ದತ್ತಿಸಂಸ್ಥೆಗೆ ಕೊಡಲು ಅವಕಾಶವಿದೆ ಎಂದಾಗ ಮತ್ತೆ ಶೇ 53. ಗಂಡಸರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಟಿಟ್ಮಸ್ ಅರ್ಧ ಸರಿ ಎನ್ನಬಹುದೇನೋ. ಶಿಬಿರದಲ್ಲಿ ಹೆಲ್ಮೆಟ್, ಟಿಫಿನ್ ಬಾಕ್ಸ್ ಹಂಚುವ ಸಂಘಟಕರು ಮಾತ್ರ ಈ ಅಂಕಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಸೂಜಿ ಕಡೆ ನೋಡದೆ 1,173 ಸಲ

ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅವರಿಗೆ 14ನೇ ವಯಸ್ಸಿನಲ್ಲಿ ದೊಡ್ಡ ಎದೆಯ ಶಸ್ತ್ರಚಿಕಿತ್ಸೆ ಆಗಿತ್ತು. ಬದುಕಿ ಉಳಿದದ್ದು ಯಾರೋ ಕೊಟ್ಟ ರಕ್ತದಿಂದ. ತಾನೂ ಕೊಡಬೇಕು ಎಂದು ಹುಡುಗ ಅಂದೇ ನಿಶ್ಚಯಿಸಿದ. ಆದರೆ 18 ತುಂಬದೆ ತೆಗೆದುಕೊಳ್ಳುವುದಿಲ್ಲ. ಕಾದು, 1954ರಲ್ಲಿ ಹೋದರು. ಮುಂದೆ ಅವರ ರಕ್ತದಲ್ಲಿ ಅಪರೂಪದ ಪ್ರತಿಕಾಯವೊಂದು ಹೇರಳವಾಗಿರುವುದು ಗೊತ್ತಾಯಿತು. ನೆಗೆಟಿವ್ ಗುಂಪಿನ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಗುಂಪಿನ ಮಗು ಇದ್ದಾಗ ಆಗುವ ಅಪಾಯ ತಡೆಯುವ ಆಂಟಿ-ಡಿ ಚುಚ್ಚುಮದ್ದನ್ನು ಅವರ ಪ್ಲಾಸ್ಮಾದಿಂದ ತಯಾರಿಸಲಾಯಿತು. 81ನೇ ವಯಸ್ಸಿನಲ್ಲಿ, 2018ರಲ್ಲಿ, ನಿಯಮದ ಪ್ರಕಾರ ನಿಲ್ಲಿಸುವ ಹೊತ್ತಿಗೆ ಒಟ್ಟು 1,173 ಸಲ ಕೊಟ್ಟಿದ್ದರು. ಅವರಿಂದ ಸುಮಾರು 24 ಲಕ್ಷ ಶಿಶುಗಳಿಗೆ ನೆರವಾಯಿತು ಎಂದು ಅಲ್ಲಿನ ರೆಡ್‌ಕ್ರಾಸ್‌ನ ಲೆಕ್ಕ. ಸ್ವಂತ ಮಗಳಿಗೂ ಅದೇ ಚುಚ್ಚುಮದ್ದು ಬೇಕಾಗಿ ಬಂತು. ಹ್ಯಾರಿಸನ್ 2025ರ ಫೆಬ್ರವರಿಯಲ್ಲಿ 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರಿಗೆ ಸೂಜಿ ಎಂದರೆ ಆಗುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಸೂಜಿ ಚುಚ್ಚುವುದನ್ನು ಒಮ್ಮೆಯೂ ನೋಡಲಿಲ್ಲವಂತೆ. ಬೇರೆಡೆ ಮುಖ ತಿರುಗಿಸಿ ಕೂತು, ಮುಗಿದ ಮೇಲೆ ಎದ್ದು ಹೋಗುತ್ತಿದ್ದರು. ಭಯ ಹೋದ ಮೇಲೆ ಕೊಡೋಣ ಎಂದು ಕಾದಿದ್ದರೆ ಒಂದು ಸಲವೂ ಕೊಡುತ್ತಿರಲಿಲ್ಲವೇನೋ.

ಪ್ರೇರಣೆಯ ಬಗ್ಗೆ ಇರುವ ದೊಡ್ಡ ತಪ್ಪುಕಲ್ಪನೆ ಇಲ್ಲೇ ಇದೆ. ಮೊದಲು ಮನಸ್ಸು ಬರಬೇಕು, ಆಮೇಲೆ ಕೆಲಸ ಎಂದು ಜನ ಕಾಯುತ್ತಾರೆ. ಅಮೆರಿಕದ ಸಮಾಜ ಮನೋವಿಜ್ಞಾನಿ ಜೇನ್ ಪಿಲಿಯಾವಿನ್ ರಕ್ತದಾನಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಕಂಡುಕೊಂಡದ್ದು ಬಹುಮಟ್ಟಿಗೆ ಇದರ ತಿರುಗುಮುರುಗು. ಮೊದಲ ಸಲ ಬರುವವರ ಕಾರಣ ಬಹಳ ಸಾಧಾರಣ: ಗೆಳೆಯ ಕರೆದ, ಆಫೀಸಿನಲ್ಲೇ ಶಿಬಿರ ಇತ್ತು, ಇಲ್ಲ ಎನ್ನಲು ಸಂಕೋಚವಾಯಿತು. ಮೂರು-ನಾಲ್ಕು ಸಲ ಆದ ಮೇಲೆ ಯಾರೂ ಕರೆಯಬೇಕಾಗಿಲ್ಲ. "ನಾನು ರಕ್ತ ಕೊಡುವವನು" ಎನ್ನುವುದು ಅವರ ಗುರುತಿನ ಭಾಗವಾಗಿಬಿಟ್ಟಿರುತ್ತದೆ. ಸಂಕೋಚಕ್ಕೆ ಕೊಟ್ಟ ರಕ್ತವೂ ರೋಗಿಯ ಮೈಯಲ್ಲಿ ಒಂದೇ ರೀತಿ ಕೆಲಸ ಮಾಡುತ್ತದೆ, ಆದ್ದರಿಂದ ಮೊದಲ ಸಲದ ಕಾರಣ ಉದಾತ್ತವಾಗಿಲ್ಲ ಎಂದು ನಾಚಬೇಕಾಗಿಲ್ಲ.

ಅಮ್ಮ ಬೇಡ ಅಂದರೆ

ಎಷ್ಟೋ ಯುವಕರನ್ನು ತಡೆಯುವುದು ಸ್ವಂತ ಭಯಕ್ಕಿಂತ ಮನೆಯವರ ಮಾತು. "ಮೊದಲೇ ಕಡ್ಡಿಯ ಹಾಗಿದ್ದೀಯ, ರಕ್ತ ಬೇರೆ ಕೊಡ್ತೀಯ?" ಎಂಬ ಅಮ್ಮನ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ತೆಗೆಯುವುದು 350 ಮಿಲಿ ಲೀಟರ್, 55 ಕೆ.ಜಿ.ಗಿಂತ ಹೆಚ್ಚು ತೂಕ ಇರುವವರಿಂದ 450 ತೆಗೆಯಬಹುದು. ದ್ರವದ ಅಂಶ ಒಂದೆರಡು ದಿನದಲ್ಲಿ, ಕೆಂಪುಕಣಗಳು ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತವೆ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಮೊದಲ ಸಲ ಕೊಡುವವರಿಗೆ ಮಿತಿ 60 ವರ್ಷ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ರಕ್ತ ಹರಿಯಲು ಹತ್ತು ನಿಮಿಷ ಸಾಕು, ಫಾರಂ, ತಪಾಸಣೆ, ಬಿಸ್ಕತ್ತು-ಜ್ಯೂಸ್ ಎಲ್ಲ ಸೇರಿ ಮುಕ್ಕಾಲು ಗಂಟೆ.

ಹಿಮೋಗ್ಲೋಬಿನ್ ಮಿತಿಯಲ್ಲಿ ಬಹಳ ಮಹಿಳೆಯರು ಸಿಕ್ಕಿಬೀಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಉತ್ಸಾಹದಿಂದ ಬಂದು, ಬೆರಳು ಚುಚ್ಚಿಸಿಕೊಂಡು, "ನಿಮ್ಮದು ಕಡಿಮೆ ಇದೆ" ಎನಿಸಿಕೊಂಡು ಹಿಂದಿರುಗಿದವರು ಮತ್ತೆ ಶಿಬಿರದ ಕಡೆ ತಲೆ ಹಾಕುವುದು ಕಡಿಮೆ. ಅದನ್ನು ಅವಮಾನ ಎಂದುಕೊಳ್ಳದೆ, ವೈದ್ಯರಿಗೆ ತೋರಿಸಿಕೊಂಡು ಕೆಲ ತಿಂಗಳ ನಂತರ ಮತ್ತೆ ಹೋಗಬಹುದು. ಅಥವಾ ಫೋನ್ ಪಟ್ಟಿ ನೋಡಿಕೊಳ್ಳುವ ಕೆಲಸ ವಹಿಸಿಕೊಳ್ಳಬಹುದು. ಕರೆಯುವವರಿಲ್ಲದೆ ಕೊಡುವವರು ಬರುವುದಿಲ್ಲ.

ನವೆಂಬರ್ ಅಲ್ಲ, ಮೇ

ಹೊರನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಊಟ, ನಾಟಕ, ಸನ್ಮಾನ ಇದ್ದೇ ಇರುತ್ತದೆ. ಕೆಲವೆಡೆ ಜತೆಗೆ ರಕ್ತದಾನ ಶಿಬಿರವೂ. ಅದೇ ಶಿಬಿರವನ್ನು ಬೇಸಿಗೆಗೆ ಹಾಕಿಕೊಂಡರೆ ಬ್ಲಡ್ ಬ್ಯಾಂಕ್‌ನವರು ಹೆಚ್ಚು ಸಂತೋಷಪಟ್ಟಾರು. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಜನ ಊರುಗಳಿಗೆ ಹೋಗಿರುತ್ತಾರೆ, ಶಿಬಿರಗಳು ನಿಂತಿರುತ್ತವೆ. ಥಲಸೇಮಿಯಾ ಮಕ್ಕಳಿಗೆ ಮಾತ್ರ ರಜೆ ಇಲ್ಲ. ಯಾವ ನಗರದಲ್ಲಿ ಯಾವ ಗುಂಪು ಎಷ್ಟು ದಾಸ್ತಾನಿದೆ ಎನ್ನುವುದನ್ನು ಕೇಂದ್ರ ಆರೋಗ್ಯ ಸಚಿವಾಲಯದ ಇ-ರಕ್ತಕೋಶ್ ತಾಣದಲ್ಲಿ ನೋಡಬಹುದು. ಹತ್ತಿರದ ಪರವಾನಗಿ ಪಡೆದ ಕೇಂದ್ರಗಳ ವಿಳಾಸವೂ ಅಲ್ಲಿದೆ. ನೂರು ಸದಸ್ಯರ ಸಂಘವೊಂದು ಆರೋಗ್ಯವಂತರಾದ 36 ಜನರನ್ನು ಹನ್ನೆರಡು ಹನ್ನೆರಡರಂತೆ ಮೂರು ತಂಡ ಮಾಡಿ, ತಿಂಗಳಿಗೊಂದು ತಂಡವನ್ನು ಹತ್ತಿರದ ಕೇಂದ್ರಕ್ಕೆ ಕಳಿಸಬಹುದು. ನಾಲ್ಕನೇ ತಿಂಗಳು ಮೊದಲ ತಂಡದಲ್ಲಿ 90 ದಿನ ತುಂಬಿದ ಗಂಡಸರು ಮತ್ತೆ ಸಿದ್ಧ, ಹೆಂಗಸರಿಗೆ ಇನ್ನೊಂದು ತಿಂಗಳು ಬಿಟ್ಟು. ಬ್ಯಾನರ್ ಬೇಡ, ವೇದಿಕೆ ಬೇಡ. ಪಟ್ಟಿ ಇಟ್ಟುಕೊಂಡು ಹಿಂದಿನ ದಿನ ಫೋನ್ ಮಾಡುವ ಒಬ್ಬರು ಬೇಕು.