ಹೊಟ್ಟ್ಯಾಗ ಒಂದೀಟು ಆಕಾಶ ಬಿಡ್ರಿ

ತೆಲಸಂಗ ಊರಾಗ ಬೀಗರ ಮನ್ಯಾಗ ಊಟಕ್ಕ ಕುಂತ್ರ 'ಸಾಕ್ರಿ' ಅಂದದ್ದು ಯಾರಿಗೂ ಕೇಳ್ಸೂದಿಲ್ಲ. ತಾಟಿಗೆ ಕೈ ಅಡ್ಡ ಹಿಡದ್ರ ಕೈ ಸರಿಸಿ ಮತ್ತೊಂದು ಬಿಸಿ ರೊಟ್ಟಿ, ಮ್ಯಾಲ ಶೇಂಗಾ ಹಿಂಡಿ!

ಆಯುರ್ವೇದದ ತಕರಾರು ಇಲ್ಲೇ ಐತಿ. ಪಂಚಭೂತದಾಗಿನ ಆಕಾಶ ಅಂದ್ರ ಮ್ಯಾಲಿನ ಮುಗಿಲು ಅಷ್ಟ ಅಲ್ರಿ, ಮೈಯೊಳಗಿನ ಖಾಲಿ ಜಾಗಾನೂ ಹೌದು. ಬಾಯಿ, ಮೂಗು, ಕಿವಿ, ಹೊಟ್ಟಿ. ವಾಗ್ಭಟರ ಅಷ್ಟಾಂಗಹೃದಯ ಒಂದು ಲೆಕ್ಕ ಕೊಡತೈತಿ: ಹೊಟ್ಟಿಯ 4 ಪಾಲಿನ್ಯಾಗ 2 ಪಾಲು ಗಟ್ಟಿ ಊಟ, 1 ಪಾಲು ನೀರು-ಮಜ್ಜಿಗಿ, ಇನ್ನೊಂದು ಪಾಲು ಗಾಳಿ ಆಡಾಕ ಖಾಲಿ. ಬಾಯಿತನಕ ತುಂಬಿದ ಚೀಲದಾಗ ಜೋಳ ಹೊರಳೂದಿಲ್ಲ ನೋಡ್ರಿ, ಹಂಗ.

ಹಂಗಂತ ಹಸಕೊಂಡು ಇರಬ್ಯಾಡ್ರಿ. ಗಾಳಿ, ಆಕಾಶ ಕೂಡಿದ್ರ ವಾತ ಅನ್ನೂ ದೋಷ, ಹಸಕೊಂಡಿದ್ರ ಅದು ಹೆಚ್ಚತೈತಿ ಅಂತೈತಿ ಆಯುರ್ವೇದ. ರಾತ್ರಿ ತ್ರೀ ಫೇಸ್ ಕರೆಂಟ್ ಬಂತಂತ ನಿದ್ದಿಗೆಟ್ಟು ಕಬ್ಬಿಗೆ ನೀರು ಹಾಯಿಸವ್ರು, ಹೊತ್ತಿಗೆ ಉಣ್ಣದವ್ರು ಇವ್ರಿಗೆಲ್ಲಾ ವಾತ ಕೆರಳತೈತಿ ಅಂತಾರ ವೈದ್ಯರು: ಚರ್ಮ ಒಣಗೂದು, ಹೊಟ್ಟಿ ಉಬ್ಬೂದು, ಮನಸ್ಸು ಒಂದ ಕಡೆ ನಿಲ್ಲದಿರೂದು. ಅಂಥವ್ರು ಹೊತ್ತಿಗೆ ಸರಿಯಾಗಿ ಬಿಸಿ ಊಟ ಮಾಡ್ರಿ, ಮ್ಯಾಲ ಚಮಚೆ ತುಪ್ಪ ಇರ್ಲಿ. ಮಲಗೂ ಮುಂಚೆ ನೆತ್ತಿಗೆ, ಅಂಗಾಲಿಗೆ ಎಳ್ಳೆಣ್ಣಿ ತಿಕ್ಕೊಳ್ರಿ. ಕಿವಿಯೊಳಗ ಮಾತ್ರ ವೈದ್ಯರನ್ನ ಕೇಳದ ಎಣ್ಣಿ ಬಿಡಬ್ಯಾಡ್ರಿ. ತಮಟಿ ಹರಿದಿದ್ರ ಅಪಾಯ.

ಆಕಾಶದ ಗುಣ ಶಬ್ದ, ಅದರ ಇಂದ್ರಿಯ ಕಿವಿ. ಹೊಟ್ಟಿಗೆ ಹ್ಯಾಂಗೋ ಕಿವಿಗೂ ಒಂದೀಟು ಖಾಲಿ ಬೇಕು, ಅದಕ್ಕ ಉಣ್ಣೂವಾಗ ಟಿವಿ ಬಂದ್, ಮೊಬೈಲ್ ಬಂದ್. ರೀಲ್ ಸೈತ ಬಂದ್ ಮಾಡ್ರಿ, ಉಂಡ ಮ್ಯಾಲ ನೋಡ್ರಿ. ದಿನಾ ಹೊಟ್ಟಿ ಉಬ್ಬತಿತ್ತಂದ್ರ ಮನಿಮದ್ದು ಬಿಟ್ಟು ಡಾಕ್ಟರ್ ಕಡೆ ಹೋಗ್ರಿ.