ಎಳೆ ಎಣಿಸುವ ಸುಖ

ಕಸೂತಿ ಹಾಕುತ್ತೇನೆಂದು ಹೇಳಿದೊಡನೆ ಎದುರಿನವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟಕ್ಕೆ ಮಾರುತ್ತೀರಿ?’ ಮಾರುವುದಿಲ್ಲವೆಂದರೆ ಎರಡನೆಯದು, ‘ಮತ್ತೇಕೆ?’ ಸಂಗೀತ ಕಲಿಯುವವರನ್ನಾಗಲಿ, ಬೆಳಿಗ್ಗೆ ಷಟಲ್ ಆಡುವವರನ್ನಾಗಲಿ ಯಾರೂ ಹೀಗೆ ಕೇಳುವುದಿಲ್ಲ. ಕೈಕೆಲಸಕ್ಕೆ ಮಾತ್ರ ನಮ್ಮ ಸಮಾಜ ಎರಡೇ ಜಾಗಗಳನ್ನು ಗೊತ್ತುಪಡಿಸಿದೆ: ಕಸುಬುದಾರರ ಹೊಟ್ಟೆಪಾಡು, ಇಲ್ಲವೇ ಮದುವೆಗೆ ಮುಂಚೆ ಹೆಣ್ಣುಮಕ್ಕಳು ಕಲಿಯಬೇಕಾದ ‘ಲಕ್ಷಣ’. ಸಂತೋಷಕ್ಕಾಗಿ, ಬುದ್ಧಿಯ ಕಸರತ್ತಿಗಾಗಿ ಸೂಜಿ ಹಿಡಿಯಬಹುದೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ.

ಬುದ್ಧಿಯ ಕಸರತ್ತು ಎಂದದ್ದು ಮಾತಿನ ಅಲಂಕಾರಕ್ಕಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ತುಳಸಿ ವೃಂದಾವನ, ಆನೆ, ಗಿಳಿ ಮೂಡಬೇಕು. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಮನೆ ತುಂಬಿ ಒಂದು ಮನೆ ಬಿಡುತ್ತ ಮುಂದೆ ಸಾಗುತ್ತದೆ. ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬಿಕೊಂಡು ಬರುತ್ತದೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಬಟ್ಟೆಯ ಒಳಮೈ, ಹೊರಮೈ ಒಂದೇ. ಮುರ್ಗಿಯದೂ ಇದೇ ನಿಯಮ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು. ನೇಗಿ ನೇಯ್ದಂತೆ ಕಾಣುತ್ತದೆ; ಮೆಂತಿ ಕತ್ತರಿ ಹೊಲಿಗೆ.

ಒಂದು ತೇರಿಗೆ ಹತ್ತಾರು ಕವಲುಗಳಿರುತ್ತವೆ. ಹೋಗುವಾಗ ಪ್ರತಿಯೊಂದನ್ನೂ ಹೊಕ್ಕು ಬರಬೇಕು, ಮರಳುವಾಗ ಯಾವುದೂ ಉಳಿಯಕೂಡದು, ದಾರ ಹೊರಟಲ್ಲಿಗೇ ಬಂದು ಸೇರಬೇಕು. ಇದು 1736ರಲ್ಲಿ ಗಣಿತಜ್ಞ ಆಯ್ಲರ್ ಬಿಡಿಸಿದ ಕೋನಿಗ್ಸ್‌ಬರ್ಗ್ ಸೇತುವೆಗಳ ಸಮಸ್ಯೆಯ ಜಾತಿಗೆ ಸೇರಿದ್ದು. ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಊರು ಸುತ್ತುವುದು ಅಸಾಧ್ಯವೆಂದು ಆತ ತೋರಿಸಿದ. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ಹಾಯುವುದರಿಂದ, ತುಂಡಾಗದೆ ಕೂಡಿಕೊಂಡಿರುವ ಯಾವ ಚಿತ್ತಾರಕ್ಕೂ ದಾರಿ ಇದ್ದೇ ಇರುತ್ತದೆ, ಹುಡುಕಬೇಕಷ್ಟೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರು ಇದನ್ನು ಬಾಯಿಲೆಕ್ಕದಲ್ಲಿಯೇ ನಡೆಸಿದರು. ಇಳಕಲ್ ಸೀರೆಯ ಸೆರಗು ಅವರ ಉತ್ತರಪತ್ರಿಕೆ.

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬನ್ನು ಕಲಿಕೆಯ ನಡುಮನೆಯಲ್ಲಿ ಕೂರಿಸಿತ್ತು. ನಮ್ಮ ಶಾಲೆಗಳಲ್ಲಿ ಪರೀಕ್ಷೆ ಹತ್ತಿರವಾದಂತೆ ಮೊದಲು ಮಾಯವಾಗುವುದು ಕ್ರಾಫ್ಟ್ ಪೀರಿಯಡ್ಡು. ಅದನ್ನು ಬಹುಪಾಲು ಕಸಿದುಕೊಳ್ಳುವವರು ಗಣಿತದ ಮೇಷ್ಟರೇ!

ಹವ್ಯಾಸಿಗಳಿಂದ ಕಸುಬುದಾರರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಆಕ್ಷೇಪಿಸುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಅಂಗೈಯಗಲದ ಗೋಪುರವೊಂದಕ್ಕೆ ನನಗೆ ನಾಲ್ಕು ಸಂಜೆಗಳು ಬೇಕಾದವು. ಅಂದಿನಿಂದ ಕೈಕಸೂತಿಯ ಸೀರೆಗೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಕಸುಬುದಾರರ ಅನ್ನ ಕಸಿಯುತ್ತಿರುವುದು ಯಂತ್ರದಲ್ಲಿ ಹೊಲಿದು ಕೈಕೆಲಸವೆಂದು ಮಾರುವ ವ್ಯಾಪಾರ. ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದ್ದರೂ, ಅಂಗಡಿಯಲ್ಲಿ ನಿಂತು ಸೆರಗನ್ನು ಮಗುಚಿ ನೋಡುವ ಗಿರಾಕಿ ಇಲ್ಲದಿದ್ದರೆ ಆ ಮಾನ್ಯತೆ ಕಾಗದದಲ್ಲಿಯೇ ಉಳಿಯುತ್ತದೆ. ಗವಂತಿ, ಮುರ್ಗಿಗಳನ್ನು ಯಂತ್ರ ಅನುಕರಿಸಿದಾಗ ಬೆನ್ನಿನ ಕಡೆ ಬೇರೆಯ ದಾರ ಗುಟ್ಟು ಬಿಟ್ಟುಕೊಡುತ್ತದೆ. ಒಮ್ಮೆಯಾದರೂ ತಾನೇ ಹೊಲಿದವರ ಕೈ ತಾನಾಗಿಯೇ ಬಟ್ಟೆಯನ್ನು ಮಗುಚುತ್ತದೆ.

ಬೇಕಾಗುವ ಬಂಡವಾಳ ಅಲ್ಪ. ಮನೆಗಳು ಸ್ಪಷ್ಟವಾಗಿ ಕಾಣುವ ಒಂದು ಗೇಣು ಮ್ಯಾಟಿ ಬಟ್ಟೆ, ಎರಡು ಬಣ್ಣದ ದಾರ, ಒಂದು ಸೂಜಿ. ಸೂಜಿಯ ಮೊನೆ ಕೊಂಚ ಮೊಂಡಾಗಿದ್ದರೆ ಒಳ್ಳೆಯದು, ಎಳೆಯನ್ನು ಸೀಳುವುದಿಲ್ಲ. ಮೊದಲು ಗವಂತಿಯ ಒಂದು ನೇರ ಸಾಲು, ಆಮೇಲೆ ಮುರ್ಗಿಯ ನಾಲ್ಕು ಮೆಟ್ಟಿಲು. ತೇರಿಗೆ ಕೈಹಾಕುವ ಮುನ್ನ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ದಾರಿ ಗುರುತು ಮಾಡಿಕೊಳ್ಳುವುದು ಲೇಸು. ಅರ್ಧ ದಾರಿಯಲ್ಲಿ ಲೆಕ್ಕ ತಪ್ಪಿದರೆ ಬಿಚ್ಚುವುದಕ್ಕೆ ಹೊಲಿದಷ್ಟೇ ಹೊತ್ತು ಬೇಕು.