ಬಿ.ಎ. ಓದಿಗೆ ಸಾಲ: ಕಂತು ಶುರುವಾಗುವ ತಿಂಗಳನ್ನು ಮೊದಲು ನೋಡಿ

ಮಗಳು ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಓದುತ್ತೇನೆ ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, 'ಓದಿದ ಮೇಲೆ ಕೆಲಸ ಸಿಗುತ್ತಾ?' ಸಾಲ ಮಾಡಿ ಓದಿಸುವವರು ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಯಾವಾಗ ಸಿಗುತ್ತದೆ, ಮೊದಲ ಎರಡು ಮೂರು ವರ್ಷ ಕೈಗೆ ಎಷ್ಟು ಬರುತ್ತದೆ? ಕಲಾ ಪದವಿಯ ಗಳಿಕೆ ನಿಧಾನವಾಗಿ ಏರುವಂಥದ್ದು. ಬಿ.ಎ. ಆದ ಮೇಲೆ ಎಂ.ಎ., ಬಿ.ಇಡಿ. ಅಥವಾ ಕಾನೂನು ಓದಿ, ಇಲ್ಲವೇ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತು ಒಂದು ನೆಲೆ ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಬ್ಯಾಂಕಿನ ಕಂತು ಅಷ್ಟು ದಿನ ಕಾಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 3 ಲಕ್ಷದಂತೆ ಮೂರು ವರ್ಷಕ್ಕೆ 9 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 10 ಎಂದುಕೊಳ್ಳಿ. ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಇದೇ ಮೊರಟೋರಿಯಂ. ಕಂತಿಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದು ನಂಬಿ ಕೂತ ಪೋಷಕರು ಬಹಳ. ಮೊದಲ ವರ್ಷದ ಹಣ ಕೈಗೆ ಬಂದ ದಿನದಿಂದಲೇ ಸರಳ ಬಡ್ಡಿ ಓಡುತ್ತಿರುತ್ತದೆ. ನಾಲ್ಕು ವರ್ಷಕ್ಕೆ ಅದು 2.7 ಲಕ್ಷವಾಗಿ ಅಸಲಿಗೆ ಸೇರುತ್ತದೆ. ಕಂತು ಶುರುವಾಗುವ ದಿನ ಬಾಕಿ 11.7 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 15,460 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ 12,570ರ ಆಸುಪಾಸು. ಆದರೆ ಒಟ್ಟು ಕಟ್ಟುವುದು 22 ಲಕ್ಷ ದಾಟುತ್ತದೆ.

ಹೊಸ ಪದವೀಧರೆಗೆ ಬೆಂಗಳೂರಿನಲ್ಲಿ ಕೈಗೆ 25,000 ರೂಪಾಯಿ ಸಿಕ್ಕಿತು ಎನ್ನಿ. 15,460 ಬ್ಯಾಂಕಿಗೆ ಹೋದರೆ ಉಳಿದದ್ದರಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು, ಫೋನು. ಹೆಚ್ಚು ದಿನ ನಡೆಯದ ಬದುಕು ಇದು. ಎರಡು ಮೂರು ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುವುದು ಅವಳದ್ದಷ್ಟೇ ಅಲ್ಲ, ಸಹ-ಸಾಲಗಾರನಾಗಿ ಸಹಿ ಹಾಕಿದ ಅಪ್ಪನದ್ದೂ. ನನ್ನ ಅಳತೆ ಇಷ್ಟು: ಮೊದಲ ಸಂಬಳದ ಕಾಲುಭಾಗಕ್ಕಿಂತ ಕಂತು ಹೆಚ್ಚಾಗಬಾರದು. 25,000ಕ್ಕೆ ಆರು ಸಾವಿರದ ಕಂತು ಎಂದರೆ, ಹತ್ತು ವರ್ಷದ ಅವಧಿಗೆ ಓದಿನ ಕಾಲದ ಬಡ್ಡಿಯೂ ಸೇರಿ ಬಾಕಿ ನಾಲ್ಕೂವರೆ ಲಕ್ಷದ ಆಚೀಚೆ ಇರಬೇಕು.

ನಾಲ್ಕು ವರ್ಷದ ಆನರ್ಸ್ ಆದರೆ ಹೊರೆ ಇನ್ನೂ ಬಿರುಸಾಗಿ ಬೆಳೆಯುತ್ತದೆ. ವರ್ಷಕ್ಕೆ ಅದೇ 3 ಲಕ್ಷ, ಅದೇ ಬಡ್ಡಿ. ಕಂತು 21,400 ಮುಟ್ಟುತ್ತದೆ. ಜೊತೆಗೆ ಒಂದು ವರ್ಷದ ದುಡಿಮೆಯೂ ಹೋಯಿತು. ಈ ನಾಲ್ಕನೇ ವರ್ಷ ಅನಿವಾರ್ಯವೂ ಅಲ್ಲ: ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಮೂರು ವರ್ಷದ ಪದವಿಗೆ ಮರಳಿವೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಲೆಕ್ಕವನ್ನು ಪಕ್ಕದಲ್ಲಿಡಿ. ಶುಲ್ಕ ಅಲ್ಪ, ರೂಮು, ಊಟಕ್ಕೆಂದು ವರ್ಷಕ್ಕೆ 50,000ದಂತೆ ಒಂದೂವರೆ ಲಕ್ಷ ಸಾಲ ಮಾಡಿದರೂ ಹತ್ತು ವರ್ಷಕ್ಕೆ ಕಂತು 2,580 ರೂಪಾಯಿ. ಕೆಲಸ ಸಿಗದ ಪದವೀಧರರಿಗೆ ಯುವನಿಧಿ ಯೋಜನೆ ಎರಡು ವರ್ಷದವರೆಗೆ ಕೊಡುವ ತಿಂಗಳ 3,000 ರೂಪಾಯಿಯೊಳಗೇ ಅದು ಮುಗಿಯುತ್ತದೆ. ಕೆಎಎಸ್ ಪರೀಕ್ಷೆಗೆ ಕೂರಲು ಬೇಕಾದದ್ದು ಪದವಿ. ಎಷ್ಟು ಶುಲ್ಕ ಕೊಟ್ಟು ಓದಿದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಗುರಿ ಸರ್ಕಾರಿ ಕೆಲಸವೇ ಆಗಿದ್ದರೆ ದುಬಾರಿ ಬಿ.ಎ.ಗೆ ಸಾಲ ಮಾಡಬೇಡಿ ಎಂದು ನಾನು ಕಡಾಖಂಡಿತವಾಗಿ ಹೇಳುತ್ತೇನೆ.

ಒಳ್ಳೆಯ ಗ್ರಂಥಾಲಯ, ಬರೆಯಲು ಕಲಿಸುವ ಮೇಷ್ಟ್ರು, ದೇಶದ ಬೇರೆ ಬೇರೆ ಕಡೆಯ ಸಹಪಾಠಿಗಳು ಮಗುವನ್ನು ಬೆಳೆಸುತ್ತಾರೆ ಎಂಬುದೂ ನಿಜ. ಅದು ಬೇಕೆಂದರೆ ಸಾಲದ ಅರ್ಜಿಗಿಂತ ಮೊದಲು ವಿದ್ಯಾರ್ಥಿವೇತನದ ಅರ್ಜಿ ತುಂಬಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಕುಟುಂಬದ ಆದಾಯ ನೋಡಿ ಶುಲ್ಕ ಕಡಿಮೆ ಮಾಡುತ್ತಾರೆ, ಪೂರ್ತಿ ಬಿಡುವುದೂ ಉಂಟು.

ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾದ ಸಂಬಳವನ್ನು ನಂಬಿ ಹೊರಡಬೇಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಸಂಸ್ಥೆಗಳು ಕೊಟ್ಟ ದಾಖಲೆ ಜಾಲತಾಣದಲ್ಲೇ ಇರುತ್ತದೆ: ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ, ಎಷ್ಟು ಮಂದಿ ಮುಂದೆ ಓದಿಗೆ ಹೋದರು, ಕೆಲಸ ಸಿಕ್ಕವರ ಮಧ್ಯಾಂಕ ಸಂಬಳ ಎಷ್ಟು. ಇನ್ನೂರು ಜನರಲ್ಲಿ ನಲವತ್ತು ಜನಕ್ಕೆ ಕೆಲಸ ಸಿಕ್ಕಿದ್ದರೆ ಆ ಸಂಬಳ ಆ ನಲವತ್ತು ಜನರ ಕಥೆ ಮಾತ್ರ. ಮೂರು ವರ್ಷದ ಪದವಿಗಳನ್ನೆಲ್ಲ ಅಲ್ಲಿ ಒಟ್ಟಿಗೆ ಹಾಕುವುದರಿಂದ ಬಿ.ಕಾಂ., ಬಿಬಿಎ ಸಂಬಳವೂ ಅದರಲ್ಲಿ ಬೆರೆತಿರುತ್ತದೆ. ಅಮೆರಿಕದಲ್ಲಿ ಸರ್ಕಾರವೇ 'ಕಾಲೇಜ್ ಸ್ಕೋರ್‌ಕಾರ್ಡ್'ನಲ್ಲಿ ಕಾಲೇಜುವಾರು, ವಿಷಯವಾರು ಗಳಿಕೆ ಮತ್ತು ಸಾಲ ಎರಡನ್ನೂ ತೋರಿಸುತ್ತದೆ. ಇಲ್ಲೂ ಅಂಥದ್ದೊಂದು ತುರ್ತಾಗಿ ಬೇಕು. ಅಲ್ಲಿಯವರೆಗೆ ಹಿಂದಿನ ಬ್ಯಾಚಿನ ನಾಲ್ಕೈದು ಬಿ.ಎ. ವಿದ್ಯಾರ್ಥಿಗಳನ್ನೇ ಹುಡುಕಿ ಮಾತಾಡಿಸಿ.

ಸಾಲ ಮಾಡುವುದೇ ಎಂದು ತೀರ್ಮಾನವಾದರೆ ನಿಯಮಗಳು ತಿಳಿದಿರಲಿ. ಬ್ಯಾಂಕುಗಳ ಒಕ್ಕೂಟದ ಮಾದರಿ ಯೋಜನೆಯಲ್ಲಿ 7.5 ಲಕ್ಷದ ಮೇಲೆ ಆಸ್ತಿ ಅಡಮಾನ ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆಯಲ್ಲಿ ಅಡಮಾನವೂ ಇಲ್ಲ, ಜಾಮೀನೂ ಇಲ್ಲ. ಆದರೆ ಕಾಲೇಜು ಅದರ ಪಟ್ಟಿಯಲ್ಲಿರಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಸಿಕ್ಕರೆ ಮೇಲಿನ 9 ಲಕ್ಷದ ಲೆಕ್ಕದಲ್ಲಿ 81,000 ರೂಪಾಯಿ ಉಳಿಯಿತು. ಬಡ್ಡಿ ಪೂರ್ತಿ ಮನ್ನಾ ಆಗುವ ಹಳೆಯ ಯೋಜನೆ ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ, ಸಾಮಾನ್ಯ ಬಿ.ಎ.ಗೆ ದಕ್ಕದು. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿಯನ್ನು ಏಜೆಂಟರು ದೊಡ್ಡದಾಗಿ ಹೇಳುತ್ತಾರೆ, ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಮತ್ತು ಆರಂಭದ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ.

ಮನೆಯಲ್ಲಿ ತ್ರಾಣವಿದ್ದರೆ ಓದುವಾಗಲೇ ಬಡ್ಡಿ ಕಟ್ಟುತ್ತ ಬನ್ನಿ. ಅದೇ 9 ಲಕ್ಷದ ಸಾಲಕ್ಕೆ ಮೊದಲ ವರ್ಷ ತಿಂಗಳಿಗೆ 2,500, ಮೂರನೇ ವರ್ಷಕ್ಕೆ 7,500. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ರಿಯಾಯಿತಿ ಕೊಡುತ್ತವೆ. ಬಡ್ಡಿ ಅಸಲಿಗೆ ಸೇರದ ಕಾರಣ ಹತ್ತು ವರ್ಷದ ಕಂತು 12,000ದೊಳಗೆ ಇಳಿಯುತ್ತದೆ. ಎಂ.ಎ.ಗೋ ಬಿ.ಇಡಿ.ಗೋ ಹೋಗುವ ಯೋಚನೆ ಇದ್ದರೆ ಮೊರಟೋರಿಯಂ ಮುಂದುವರಿಯುವುದೇ ಎಂದು ಈಗಲೇ ಕೇಳಿ. ಮೊದಲ ವರ್ಷಗಳಲ್ಲಿ ಸಣ್ಣದಾಗಿ, ಸಂಬಳ ಏರಿದಂತೆ ದೊಡ್ಡದಾಗುವ ಕಂತಿಗೂ ಮಾದರಿ ಯೋಜನೆಯಲ್ಲಿ ಜಾಗವಿದೆ. ಮ್ಯಾನೇಜರು ತಾವಾಗಿ ಹೇಳದಿರಬಹುದು. ಬಾಯಿಮಾತಿಗೆ ತೃಪ್ತರಾಗದೆ ಸಹಿ ಹಾಕುವ ಮುನ್ನ ಅದನ್ನು ಮಂಜೂರಾತಿ ಪತ್ರದಲ್ಲೇ ಬರೆಸಿಕೊಳ್ಳಿ.